ಕಂಚಿನ ಬಟ್ಟಲು ಹಾಡುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಕಂಚಿನ ಪಾತ್ರೆ ಬಂದರೆ ಅಪ್ಪ ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಣಂ ಅಂತ ಉಳಿದರೆ ಗಟ್ಟಿ. ಟಪ್ ಅಂತ ಸತ್ತರೆ ಎಲ್ಲೋ ಬಿರುಕಿದೆ.

ಕಳೆದ ತಿಂಗಳು ತಂಗಿ ಬೈಲುಕುಪ್ಪೆಯಿಂದ ಟಿಬೆಟನ್ನರ ಹಾಡುವ ಬಟ್ಟಲು ತಂದಳು. ಅದರಲ್ಲಿ ಏಳು ಲೋಹ ಇದೆ ಅಂತ ಹೇಳುವವರಿದ್ದಾರೆ. ಆದರೆ ಹಳೆಯ ಬಟ್ಟಲುಗಳಲ್ಲಿ ಇರುವುದು ಮುಖ್ಯವಾಗಿ ತಾಮ್ರ ಮತ್ತು ತವರ. ಅಂದರೆ ನಮ್ಮ ಕಂಚೇ ಅಲ್ವಾ!

ಇದನ್ನು ತಟ್ಟಬೇಕಿಲ್ಲ, ಕೋಲಿನಿಂದ ಅಂಚನ್ನು ಉಜ್ಜಿದರೆ ಸಾಕು. ಕೋಲು ಅಂಚಿಗೆ ಕ್ಷಣ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ನಾನು ಮೊದಲು ಮನೆಯ ಲಟ್ಟಣಿಗೆಯಲ್ಲಿ ಉಜ್ಜಿದೆ. ಬರೀ ಕಟಕಟ. ಅದಕ್ಕೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ನಿಧಾನಕ್ಕೆ ಒತ್ತಿ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಸ್ವರ ಎದ್ದು ಬಂತು. ಮೈ ಜುಂ ಅಂತು.

ಆಗ ಅಂಚಿನಲ್ಲಿ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ದುಂಡಗಿನ ಬಾಯಿ ಒಮ್ಮೆ ಈ ಕಡೆಗೆ ಮೊಟ್ಟೆಯಾಕಾರ ಆಗುತ್ತದೆ, ಮರುಕ್ಷಣ ಅಡ್ಡಕ್ಕೆ. ನಾಲ್ಕು ಕಡೆ ಅಂಚು ಜಾಸ್ತಿ ಅಲುಗುತ್ತದೆ, ಅವುಗಳ ನಡುವಿನ ನಾಲ್ಕು ಕಡೆ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಕೋಲು ಸುತ್ತಿದಂತೆ ಈ ನಾಲ್ಕು ಜಾಗವೂ ಜೊತೆಗೇ ಸುತ್ತುತ್ತವೆ. ಅದಕ್ಕೇ ಒಂದೇ ಕಡೆ ಕುಳಿತವರಿಗೆ ಸದ್ದು ವಾಂ... ವಾಂ... ಅಂತ ಏರಿ ಇಳಿದಂತೆ ಕೇಳುತ್ತದೆ. ಅಂಗೈ ಮೇಲೆ ಇಟ್ಟರೆ ಹಾಡು ನಿಲ್ಲುವುದಿಲ್ಲ, ತಳ ಅಷ್ಟಾಗಿ ಅಲುಗುವುದೇ ಇಲ್ಲ. ಅಂಚಿಗೆ ಬೆರಳು ತಾಗಿಸಿ ನೋಡಿ, ತಕ್ಷಣ ಸಾಯುತ್ತದೆ.

ಬರೀ ತಟ್ಟಿದಾಗಲೂ ಇಂಥದೇ ಏರಿಳಿತ ಇದೆ, ಕಾರಣ ಬೇರೆ. ಕೈಯಲ್ಲಿ ಬಡಿದು ಮಾಡಿದ ಬಟ್ಟಲು ಪೂರ್ತಿ ದುಂಡಗಿರುವುದಿಲ್ಲ. ಹಾಗಾಗಿ ಒಂದಕ್ಕೊಂದು ತೀರಾ ಹತ್ತಿರದ ಎರಡು ಸ್ವರ ಒಟ್ಟಿಗೆ ಏಳುತ್ತವೆ, ಅವು ಬೆರೆತು ಸದ್ದು ಏರಿಳಿಯುತ್ತದೆ. ಆ ಸಣ್ಣ ಡೊಂಕು ನನಗೆ ಬಹಳ ಇಷ್ಟ. ಅಚ್ಚಿನಲ್ಲಿ ತೆಗೆದ ಪಾತ್ರೆಗೆ ಅದು ಅಷ್ಟಾಗಿ ಬರುವುದಿಲ್ಲ.

ಕಾಣದ ಅಲುಗಾಟವನ್ನು ನೋಡಬೇಕೆಂದರೆ ನೀರು ಹಾಕಿ. ಅಂಚಿನ ನಾಲ್ಕು ಕಡೆ ನೀರು ನಡುಗುತ್ತದೆ. ಜೋರಾಗಿ ಉಜ್ಜಿದರೆ ಹನಿಗಳು ಸಿಡಿಯುತ್ತವೆ. ಅಲುಗಾಡುವ ನೀರಿನ ಮೇಲೆ ಇಂಥ ಅಲೆ ಏಳುವುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಬರೆದಿದ್ದ. ಬಟ್ಟಲು ಎರಡು ಸಲ ಅಲುಗಿದರೆ ಆ ಅಲೆ ಒಂದೇ ಸಲ ಏಳುತ್ತದೆ. 2011ರಲ್ಲಿ ಡೆನಿ ಟೆರ್ವಾನ್ ಮತ್ತು ಜಾನ್ ಬುಷ್ ಎಂಬ ವಿಜ್ಞಾನಿಗಳು ಇದೇ ಟಿಬೆಟನ್ ಬಟ್ಟಲಿನ ನೀರನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದರು. ಸಿಡಿದ ಕೆಲವು ಹನಿ ನೀರಿಗೆ ಬೆರೆಯದೆ, ಅದರ ಮೇಲೇ ಪುಟಿಯುತ್ತಿದ್ದವು.

ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಬಂದು, ಅಜ್ಜಿಯ ಕಾಲದ ಕಂಚಿನ ಬಟ್ಟಲನ್ನು ಉಜ್ಜಿದೆ. ಅದೂ ಹಾಡಿತು! ನೀರು ಹಾಕುತ್ತಾ ಹೋದೆ, ಸ್ವರ ಇಳಿಯುತ್ತಾ ಹೋಯಿತು. ನಲ್ಲಿಯಡಿ ಬಿಂದಿಗೆ ತುಂಬುವಾಗ ಸದ್ದು ಏರುತ್ತದೆ, ಒಳಗಿನ ಗಾಳಿಯ ಜಾಗ ಕಿರಿದಾಗುವುದರಿಂದ. ಇಲ್ಲಿ ಹಾಡುವುದು ಗಾಳಿಯಲ್ಲ, ಕಂಚಿನ ಗೋಡೆ. ನೀರಿನ ಭಾರವನ್ನೂ ಹೊತ್ತು ಅಲುಗಬೇಕು, ಅದಕ್ಕೇ ನಿಧಾನ. ಅಮ್ಮನನ್ನು ಕರೆದು ಎರಡನ್ನೂ ಕೇಳಿಸಿದೆ. ಅವರು ಕೋಲು ಇಸಿದುಕೊಂಡು ತಾವೇ ಉಜ್ಜತೊಡಗಿದರು.