ಬೇಬಿ ಕಾರ್ನ್: ಗಿಡ ಎಣಿಸಬೇಡಿ, ತೆನೆ ಎಣಿಸಿ

ಸಾಲಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 45,000 ಬೇಬಿ ಕಾರ್ನ್ ಗಿಡ ಕೂರುತ್ತವೆ. ಕಾಳಿನ ಮುಸುಕಿನ ಜೋಳದ ಹಾಗೆ 60 x 20 ಇಟ್ಟರೆ 33,700. ಬೇಬಿ ಕಾರ್ನ್ ಅಂದರೆ ಎಳೆಯದಾಗಿಯೇ ಕೊಯ್ಯುವ ಮುಸುಕಿನ ಜೋಳದ ತೆನೆ; ಕಾಳು ಕಟ್ಟುವ ತನಕ ಗಿಡ ಸಾಕಬೇಕಿಲ್ಲ, ಹಾಗಾಗಿ ಒತ್ತಾಗಿ ಹಾಕುವುದೇ ಸರಿ. ಎಷ್ಟು ಒತ್ತು ಅನ್ನುವುದರಲ್ಲೇ ಎಡವುವುದು.

45 x 15 ಮಾಡಿದರೆ 60,000 ಗಿಡ. ನೆರಳು, ಗೊಬ್ಬರದ ಪೈಪೋಟಿಯಲ್ಲಿ ಗಿಡ ಒಂದೇ ತೆನೆ ಬಿಟ್ಟರೆ ಸಿಗುವುದು 60,000 ತೆನೆ. 33,700 ಗಿಡ ಎರಡೆರಡು ಬಿಟ್ಟರೂ 67,400 ಆಗುತ್ತದೆ! 45,000 ಗಿಡಕ್ಕೆ ಎರಡೆರಡು ಅಂದರೆ 90,000. ಸಿಪ್ಪೆ ಸುಲಿದ ತೆನೆ 7-8 ಗ್ರಾಂ ತೂಗಿದರೆ ಆರೂವರೆ-ಏಳು ಕ್ವಿಂಟಲ್. ಎರಡನೇ ತೆನೆ ಬರಬೇಕಾದರೆ ಗೊಬ್ಬರ ಅದಕ್ಕೆ ತಕ್ಕಂತಿರಬೇಕು.

ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 150:75:40 ಕೆಜಿಯ ಲೆಕ್ಕ ಹಿಡಿದರೆ ಎಕರೆಗೆ 65 ಕೆಜಿ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), 27 ಕೆಜಿ ಪೊಟ್ಯಾಷ್ ಗೊಬ್ಬರ (ಎಂಒಪಿ), 105 ಕೆಜಿ ಯೂರಿಯಾ. ಡಿಎಪಿ, ಪೊಟ್ಯಾಷ್ ಬಿತ್ತನೆಗೇ ಹೋಗಲಿ. ಯೂರಿಯಾವನ್ನು 35 ಕೆಜಿಯಂತೆ ಮೂರು ಸಲ ಕೊಡಿ: ನಾಲ್ಕೆಲೆ ಬಂದಾಗ, ಎಂಟೆಲೆ ಬಂದಾಗ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಕಿತ್ತ ಮೇಲೆ. ಎಲ್ಲವನ್ನೂ ಮೊದಲೇ ಸುರಿದರೆ ನೀರಿನ ಜೊತೆ ಇಳಿದುಹೋಗುತ್ತದೆ, ಎರಡನೇ ತೆನೆ ಹೊತ್ತಿಗೆ ಗಿಡ ಹಸಿದಿರುತ್ತದೆ. ಒತ್ತು ಬೆಳೆಗೆ ಯೂರಿಯಾ ಅತಿಯಾದರೆ ಕಾಂಡ ಸಣಕಲಾಗಿ ಗಾಳಿಗೆ ಮಲಗುತ್ತದೆ. ಸತುವಿನ ಸಲ್ಫೇಟ್ ಎಕರೆಗೆ 10 ಕೆಜಿ ಸಾಕು, ಆದರೆ ಡಿಎಪಿ ಜೊತೆ ಬೆರೆಸಬೇಡಿ. ಸತು ಡಿಎಪಿಯ ರಂಜಕದೊಡನೆ ಸೇರಿ ಕರಗದ ರೂಪಕ್ಕೆ ತಿರುಗುತ್ತದೆ.

ಸೂಲಂಗಿ ಪರಾಗ ಉದುರಿಸುವ ಮೊದಲೇ ಕೀಳಿ. ಎಲೆ ಜೊತೆಗೆ ಹರಿದರೆ ಇಳುವರಿಯೂ ಹೋಯಿತು. ತೆನೆಯ ತುದಿಯ ರೇಷ್ಮೆ ಎಳೆಗಳು ಎರಡು-ಮೂರು ಸೆಂ.ಮೀ. ಹೊರಬಂದಾಗ, ಅಂದರೆ ರೇಷ್ಮೆ ಕಂಡ ಒಂದರಿಂದ ಮೂರು ದಿನದೊಳಗೆ ಕೊಯ್ಯಬೇಕು. ಒಂದೆರಡು ದಿನ ತಡವಾದರೂ ತೆನೆ ದಪ್ಪವಾಗಿ ದಿಂಡು ಗಟ್ಟಿಯಾಗುತ್ತದೆ, ಬೆಲೆ ಬೀಳುತ್ತದೆ. ದಿನಾ ಕೊಯ್ಯುವ ಕೈಗಳಿಲ್ಲದಿದ್ದರೆ 45,000 ಗಿಡದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಅಂಥವರು ಹೊಲವನ್ನು ತುಂಡು ಮಾಡಿ ವಾರ ಬಿಟ್ಟು ವಾರ ಬಿತ್ತುವುದು ಮೇಲು.

ಹಸು ಇರುವ ಮನೆಗೆ ತೆನೆ ಕೊಯ್ದ ಮೇಲೆ ಉಳಿಯುವ ಹಸಿರು ಮೇವೇ ದೊಡ್ಡ ಆದಾಯ. ಮಳೆ ಕೈಕೊಟ್ಟು ಬಾಡಿದ ಬೆಳೆಗೆ ಆಗಷ್ಟೇ ಯೂರಿಯಾ ಕೊಟ್ಟಿದ್ದರೆ ಮಾತ್ರ ದನಕ್ಕೆ ಹಾಕಬೇಡಿ. ಕಾಂಡದಲ್ಲಿ ನೈಟ್ರೇಟ್ ಸೇರಿಕೊಂಡು ವಿಷವಾಗಬಹುದು.