ತೋಡಿಗೆ ಕಟ್ಟ ಕಟ್ಟಿದ ಭಾನುವಾರ

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆ. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಅಲ್ಲಿ ಒಳ್ಳೆಯ ವರ್ಷ ಎನ್ನುತ್ತಾರೆ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆ ಕೋಡಿ ನೋಡಲು ಮುದುಕರು, ಮಕ್ಕಳು ಎನ್ನದೆ ಜನ ಗಾಡಿ ಮಾಡಿಕೊಂಡು ಬಂದಿದ್ದರು.

ಅಂಥ ಊರಿನವಳು ಟೀಚರಾಗಿ ಪುತ್ತೂರು ಕಡೆಯ ಹಳ್ಳಿಗೆ ಬಂದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಮಳೆ. ಜೂನ್‌ನಲ್ಲಿ ಒಗೆದ ಬಟ್ಟೆ ಒಣಗಲಿಲ್ಲ, ಗೋಡೆಯ ಪಾಚಿ ಹೋಗಲಿಲ್ಲ. ಇಲ್ಲಿ ಇನ್ನೇನಕ್ಕೆ ಬರ ಬಂದರೂ ನೀರಿಗೆ ಬರುವುದಿಲ್ಲ ಎಂದುಕೊಂಡೆ. ಆದರೆ ಮಾರ್ಚ್ ಕೊನೆಗೆ ಶಾಲೆಯ ಬಾವಿಯ ತಳ ಕಂಡಿತು. ಬಿಸಿಯೂಟಕ್ಕೆ ನೀರು ಪಿಕಪ್‌ನಲ್ಲಿ ಬರತೊಡಗಿತು. ನಿಜಕ್ಕೂ ನನಗೆ ನಂಬಲಾಗಲಿಲ್ಲ.

ಕಾರಣ ಗೊತ್ತಾದದ್ದು ಇಲ್ಲಿಯವರ ಜೊತೆ ಮಾತಾಡಿದ ಮೇಲೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ನೆಲವೆಲ್ಲ ಇಳಿಜಾರು, ಅಡಿಯಲ್ಲಿ ತೂತು ತೂತಾದ ಮುರಕಲ್ಲು. ಗುಡ್ಡದ ನೀರು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿಯುತ್ತದೆ, ತೋಡು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಅಲ್ಲಿಂದ ಸೀದಾ ಮಂಗಳೂರಿನ ಕಡಲು. ಮಳೆ ನಿಂತ ಮೇಲೂ ತೋಡು ಒಂದೆರಡು ತಿಂಗಳು ಚೆನ್ನಾಗಿಯೇ ಹರಿಯುತ್ತದೆ. ಆಗ ತಡೆಯದಿದ್ದರೆ ಫೆಬ್ರವರಿಗೆ ಬರೀ ಕಲ್ಲು. ಅಡಿಕೆ ತೋಟಕ್ಕೆ ನೀರು ಬೇಕಾಗುವುದೇ ಡಿಸೆಂಬರ್‌ನಿಂದ ಮೇವರೆಗೆ.

ಹಿಂದೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಿದ್ದರಂತೆ. ಬೋರ್‌ವೆಲ್ ಬಂದ ಮೇಲೆ ಆ ಕೆಲಸ ಬಿಟ್ಟುಹೋಯಿತು. ಅದನ್ನು ಮತ್ತೆ ಶುರು ಮಾಡಲು ಹೊರಟವರು ಇಲ್ಲಿಯ ಯುವಕ ಮಂಡಲದ ಹುಡುಗರು. ಅದರ ಕಾರ್ಯದರ್ಶಿ ನನ್ನ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಅಣ್ಣ, ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ನವೆಂಬರ್‌ನಲ್ಲಿ ಒಂದು ದಿನ ಶಾಲೆಗೆ ಬಂದು, "ಟೀಚರೇ, ಇವತ್ತು ಸಂಜೆ ಮೀಟಿಂಗ್ ಉಂಟು. ನೀರಿನ ವಿಷಯ. ನೀವೂ ಬನ್ನಿ" ಎಂದ. ಹೋದೆ.

ಮಂಡಲಕ್ಕೆ ಇರುವುದು ಒಂದೇ ಕೋಣೆ. ಕೇರಂ ಬೋರ್ಡು, ಸುತ್ತಿಟ್ಟ ವಾಲಿಬಾಲ್ ನೆಟ್ಟು, ಗೋಡೆ ತುಂಬ ಕಬಡ್ಡಿಯ ಶೀಲ್ಡು. ಅಷ್ಟಮಿಗೆ ಮೊಸರು ಕುಡಿಕೆ, ಚೌತಿಗೆ ಚಪ್ಪರ ಎಂದು ಓಡಾಡುವ ಹುಡುಗರೇ ಅಲ್ಲಿದ್ದರು: ಆಟೋ ಓಡಿಸುವವರು, ಅಡಿಕೆ ಕೊಯ್ಯುವವರು, ಕಾಲೇಜಿಗೆ ಹೋಗುವವರು. ಯುವತಿ ಮಂಡಲದ ಹುಡುಗಿಯರೂ ಬಂದಿದ್ದರು. ಎಲ್ಲಿ ಕಟ್ಟುವುದು, ಚೀಲ ಎಲ್ಲಿಂದ ಎಂದು ಮಾತು ನಡೆಯುವಾಗ ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದರು. ಅವರ ತೋಟ ತೋಡಿನ ಕೆಳಭಾಗದಲ್ಲಿ.

"ನೀವು ಮೇಲೆ ಕಟ್ಟಿದ್ರೆ ಕೆಳಗೆ ನನಗೆ ಎಂತ ಉಂಟು?"

ಕೋಣೆ ಗಪ್‌ಚಿಪ್. ಕಾರ್ಯದರ್ಶಿ ಜೋರು ಮಾಡಲಿಲ್ಲ. "ಮಾವ, ತುಂಬುವವರೆಗೆ ನಾಲ್ಕೈದು ದಿನ. ಮತ್ತೆ ಮೇಲಿಂದ ಹರಿದು ನಿಮ್ಮಲ್ಲಿಗೇ ಬರುದು. ಮುಂದಿನ ವಾರ ನಿಮ್ಮ ತೋಟದ ಹತ್ರವೂ ಒಂದು ಕಟ್ಟುವ" ಎಂದ. ಮಾವ ಏನೂ ಹೇಳದೆ ಕೂತರು. ನೀರಿನ ಜಗಳ ನಾನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ಪ್ರಶ್ನೆಯನ್ನು ಎಲ್ಲರೆದುರು ಕೇಳಲು ಬಿಟ್ಟದ್ದೇ ಆ ಹುಡುಗರ ದೊಡ್ಡತನ ಅಂತ ನನಗೆ ಅನಿಸಿತು.

ಭಾನುವಾರ ಬೆಳಿಗ್ಗೆ ತೋಡಿಗೆ ಹೋದರೆ ಎಲ್ಲರಿಗಿಂತ ಮೊದಲು ಬಂದಿದ್ದವರು ಅದೇ ಮಾವ, ಕೈಯಲ್ಲಿ ಪಿಕ್ಕಾಸು ಹಿಡಿದು. ಪ್ರಾಯದಲ್ಲಿ ಕಟ್ಟ ಕಟ್ಟಿ ಗೊತ್ತಿದ್ದವರು ಅಲ್ಲಿ ಅವರೊಬ್ಬರೇ.

ನನಗೆ ಚೀಲದ ಬಾಯಿ ಹಿಡಿಯುವ ಕೆಲಸ ಸಿಕ್ಕಿತು. ಮನೆ ಕಟ್ಟುವ ಕಡೆಯಿಂದೆಲ್ಲ ಹುಡುಗರು ಒಟ್ಟುಮಾಡಿದ ಸಿಮೆಂಟ್ ಚೀಲಗಳು. ಇಬ್ಬರು ಬಾಯಿ ಅಗಲಿಸಿ ಹಿಡಿಯಬೇಕು, ಒಬ್ಬರು ತೋಡಿನ ಮರಳನ್ನು ಗುದ್ದಲಿಯಲ್ಲಿ ಎಳೆದು ತುಂಬಬೇಕು. ಹುಮ್ಮಸ್ಸಿನಲ್ಲಿ ಒಬ್ಬ ಬಾಯಿವರೆಗೂ ತುಂಬಿದ. ಮಾವ ಬಂದು ಚೀಲವನ್ನು ಕಾಲಿನಲ್ಲಿ ಒತ್ತಿ ನೋಡಿ, ಅರ್ಧದಷ್ಟು ಮರಳು ಹೊರಗೆ ಸುರಿಸಿದರು. "ಗಟ್ಟಿ ತುಂಬಿದ್ರೆ ಗುಂಡು ಕಲ್ಲಿನ ಹಾಗೆ ಆಗ್ತದೆ, ಎಡೆಯಲ್ಲಿ ನೀರು ಹೋಗ್ತದೆ. ಸಡಿಲ ಇದ್ರೆ ಅಡಿಯ ಚೀಲದ ಮೇಲೆ ಕೂರ್ತದೆ" ಎಂದರು. ಎತ್ತಿಟ್ಟು ನೋಡಿದೆವು. ಹೌದು, ಸಡಿಲ ಚೀಲ ಕೆಳಗಿನೆರಡು ಚೀಲಗಳ ಸಂದಿಗೆ ಇಳಿದು ಅಂಟಿಕೊಂಡಿತು.

ಒಂದು ಗೋಡೆಯಲ್ಲ, ಎರಡು. ನಡುವೆ ಒಂದು ಮೊಳದಷ್ಟು ಜಾಗ ಬಿಟ್ಟು, ಅದರಲ್ಲಿ ಜೇಡಿಮಣ್ಣು ಹಾಕಿ ತುಳಿಯಬೇಕು. ನೀರು ನಿಲ್ಲಿಸುವುದು ಆ ಮಣ್ಣೇ. ಯುವತಿ ಮಂಡಲದ ಹುಡುಗಿಯರು ಮಣ್ಣು ತುಳಿಯಲು ಇಳಿದಾಗ ಯಾರೋ ಹೇಳಿದರು, "ಟೀಚರೇ ನೀವು ಬೇಡ, ಕಾಲು ಜಾರೀತು. ಮೇಲೆ ನಿಲ್ಲಿ." ನಾನು ಸೀರೆ ಎತ್ತಿ ಸಿಕ್ಕಿಸಿ ಇಳಿದೇಬಿಟ್ಟೆ. ಮೊಣಕಾಲವರೆಗೆ ತಣ್ಣಗಿನ ಕೆಸರು. ಪಕ್ಕದ ಹುಡುಗಿ ನನ್ನ ಭುಜ ಹಿಡಿದಳು, ನಾನು ಅವಳ ಭುಜ ಹಿಡಿದೆ. ಅವರೆಲ್ಲ ತುಳುವಿನಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಆದರೂ ನಗು ಬಂದಾಗ ಎಲ್ಲರೂ ಒಟ್ಟಿಗೇ ನಕ್ಕೆವು. ಊರಿಗೆ ಬಂದು ಅಷ್ಟು ತಿಂಗಳಾಗಿದ್ದರೂ ಈ ಊರಿನವಳು ಅಂತ ಅನಿಸಿದ್ದು ಅವತ್ತೇ.

ಹತ್ತು ಗಂಟೆಗೆ ತೋಟದ ಮನೆಯಿಂದ ಸಜ್ಜಿಗೆ ಬಜಿಲ್, ಚಾ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಅಡಿಕೆ ಮರಗಳ ನೆರಳಲ್ಲಿ ಕೆಸರು ಬಟ್ಟೆಯಲ್ಲೇ ಕೂತು ಉಂಡ ಗಂಜಿಯ ರುಚಿ ಬೇರೆಯೇ.

ಸಂಜೆ ಮೇಲ್ಗಡೆಯಿಂದ ಪ್ಲಾಸ್ಟಿಕ್ ಶೀಟು ಹಾಸಿ, ಅದರ ಅಂಚನ್ನು ಮರಳಲ್ಲಿ ಹುಗಿದು, ನೀರು ಹೋಗಲು ಬಿಟ್ಟಿದ್ದ ದಾರಿ ಮುಚ್ಚಿದೆವು. ನೀರು ಏರುವುದನ್ನು ನೋಡಲು ಮಾವ ಒಂದು ಕೋಲು ನೆಟ್ಟರು. ಐದನೇ ದಿನ ಕಟ್ಟದ ಮೇಲಿಂದ ನೀರು ಹರಿದು ಅವರ ತೋಟದ ಕಡೆ ಹೋಯಿತು. ಮುಂದಿನ ಭಾನುವಾರ, ಮಾತು ಕೊಟ್ಟ ಹಾಗೆ, ಅವರ ತೋಟದ ಹತ್ತಿರವೂ ಒಂದು ಎದ್ದಿತು.

ಶಾಲೆಯ ಬಾವಿ ಇರುವುದು ಮೊದಲ ಕಟ್ಟದ ಕೆಳಗಿನ ದಿಣ್ಣೆಯಲ್ಲಿ. ಆ ವರ್ಷ ಪ್ರತಿ ಸೋಮವಾರ ಮಕ್ಕಳ ಕೈಯಲ್ಲೇ ಹಗ್ಗಕ್ಕೆ ಕಲ್ಲು ಕಟ್ಟಿಸಿ ನೀರು ಅಳೆಸಿದೆ. ಬೇಸಿಗೆ ರಜೆ ಶುರುವಾಗುವವರೆಗೂ ಪಿಕಪ್ ಬರಲಿಲ್ಲ. ಮಾರ್ಚ್‌ನಲ್ಲಿ ಒಂದೆರಡು ಮಳೆಯೂ ಬಂದಿತ್ತು, ಹಾಗಾಗಿ ಎಲ್ಲವೂ ಕಟ್ಟದಿಂದಲೇ ಎಂದು ನಾನು ಹೇಳುವುದಿಲ್ಲ. ಆದರೆ ತೋಡಿನ ಎರಡೂ ದಡದ ಬಾವಿಗಳವರು ಅದೇ ಮಾತು ಹೇಳಿದರು.

ಒಂದು ವಿಷಯದಲ್ಲಿ ಮಾತ್ರ ನಾನು ಹಠ ಹಿಡಿದೆ. ಬಿಸಿಲಿಗೆ ಆ ಚೀಲಗಳು ಪುಡಿಪುಡಿಯಾಗುತ್ತವೆ. ಮಳೆಗಾಲಕ್ಕೆ ಹಾಗೇ ಬಿಟ್ಟರೆ ಕೊಚ್ಚಿಹೋಗಿ ಅದೇ ನೇತ್ರಾವತಿ, ಅದೇ ಕಡಲು. ಕಟ್ಟುವಷ್ಟೇ ಮುತುವರ್ಜಿಯಿಂದ ಮೇ ತಿಂಗಳಲ್ಲಿ ಬಿಚ್ಚಬೇಕು ಎಂದೆ. ಬಿಚ್ಚುವ ಕೆಲಸಕ್ಕೆ ಜನ ಕಮ್ಮಿಯೇ ಬಂದರು. ಬಂದವರು ಹರಿದ ಚೂರನ್ನೂ ಬಿಡದೆ ಹೆಕ್ಕಿ ದಡಕ್ಕೆ ಹಾಕಿದರು. ಸರ್ಕಾರದ ಕಿಂಡಿ ಅಣೆಕಟ್ಟುಗಳಿಗೂ ಸರಿಯಾದ ಹೊತ್ತಿಗೆ ಕಿಂಡಿಗಳಲ್ಲಿ ನೀರು ತಡೆಯುವ ಹಲಗೆ ಹಾಕಲು, ತೆಗೆಯಲು ಜನ ಬೇಕು. ಈ ಬಾರಿ ಮಂಡಲದ ಹುಡುಗರು ಪಕ್ಕದೂರಿನ ಕಿಂಡಿಗೆ ಹಲಗೆ ಹಾಕುವ ಕೆಲಸವನ್ನೂ ಒಪ್ಪಿಕೊಂಡಿದ್ದಾರೆ. ದಿನ ಗೊತ್ತುಮಾಡಲು ಬರುವ ಶನಿವಾರ ಮೀಟಿಂಗ್ ಉಂಟು.