ಹದಿಮೂರು ಎಣಿಕೆಯ ನಡಿಗೆ

2019ರ ಜೂನ್ ತಿಂಗಳಿನಲ್ಲಿ ನಾನು ಲಂಡನ್ನಿಗೆ ಹೋದದ್ದು ಒಂದೇ ಒಂದು ಹಾಡನ್ನು ಎದುರಿಗೆ ಕುಳಿತು ಕೇಳುವ ಆಸೆಯಿಂದ. ಬ್ರಿಟಿಷ್ ರಾಕ್ ತಂಡ ಕಿಂಗ್ ಕ್ರಿಮ್ಸನ್ ತನ್ನ 50ನೆಯ ವರ್ಷದ ಅಂಗವಾಗಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೂರು ಸಂಜೆ ನುಡಿಸಲಿತ್ತು. ದೀರ್ಘ, ಜಟಿಲ ರಚನೆಗಳ ರಾಕ್ ಸಂಗೀತವಾದ ಪ್ರೋಗ್ರೆಸಿವ್ ರಾಕ್‌ನ ಆಲ್ಬಮ್‌ಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ತಂಡದ 1974ರ ‘ರೆಡ್’. ಅದರ ಕೊನೆಯಲ್ಲಿರುವ, 12 ನಿಮಿಷಗಳಷ್ಟು ಉದ್ದದ ‘ಸ್ಟಾರ್‌ಲೆಸ್’ ಹಾಡನ್ನು ಎಷ್ಟು ಸಲ ಕೇಳಿರುವೆನೆಂಬ ಲೆಕ್ಕ ನನ್ನ ಬಳಿ ಇಲ್ಲ. ಆದರೆ ಈ ತಂಡ ಹಾಡುಗಳ ಪಟ್ಟಿಯನ್ನು ದಿನದಿನಕ್ಕೂ ಬದಲಿಸುತ್ತಿತ್ತು. ನಾನು ಟಿಕೆಟ್ ಕೊಂಡ ಸಂಜೆ ಆ ಹಾಡು ಬರುವುದೋ ಇಲ್ಲವೋ ಎಂಬ ಅಳುಕಿನಲ್ಲಿಯೇ, ನಡುವೆ ಸಿಕ್ಕ ಎರಡು ದಿನಗಳನ್ನು ನನ್ನ ಮೆಚ್ಚಿನ ಇತರ ಆಲ್ಬಮ್‌ಗಳ ಜಾಡು ಹಿಡಿದು ಕಳೆದೆ.

ಮೊದಲ ದಿನ ವಿಕ್ಟೋರಿಯಾ ನಿಲ್ದಾಣದಿಂದ ಕ್ಯಾಂಟರ್‌ಬರಿಯ ರೈಲು ಹಿಡಿದೆ. ಥೇಮ್ಸ್ ನದಿಯನ್ನು ದಾಟುತ್ತಿದ್ದಂತೆಯೇ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ನಾಲ್ಕು ಬಿಳಿಯ ಚಿಮಣಿಗಳು ಕಾಣಿಸಿದವು. ಪಿಂಕ್ ಫ್ಲಾಯ್ಡ್‌ನ 1977ರ ‘ಆ್ಯನಿಮಲ್ಸ್’ ಆಲ್ಬಮ್ಮಿನ ಹೊದಿಕೆಯನ್ನು ಕಂಡವರಿಗೆ ಈ ಕಟ್ಟಡದ ಪರಿಚಯ ಬೇಕಿಲ್ಲ. ಆದರೆ ನಾನು ನೋಡಿದವು ಅದೇ ಚಿಮಣಿಗಳಲ್ಲ. ಹಳೆಯವನ್ನು ಕೆಡವಿ, ಅದೇ ಅಳತೆಯಲ್ಲಿ ಹೊಸದಾಗಿ ಕಟ್ಟಿದ್ದರು, ಸುತ್ತಲೂ ಕ್ರೇನುಗಳು ನಿಂತಿದ್ದವು. ಹೊದಿಕೆಯ ಚಿತ್ರಕ್ಕಾಗಿ 1976ರ ಡಿಸೆಂಬರ್‌ನಲ್ಲಿ ಅಲ್ಲಿ ತೇಲಿಬಿಟ್ಟಿದ್ದ ಸುಮಾರು 40 ಅಡಿಯ ಗಾಳಿಹಂದಿ ಹಗ್ಗ ಕಿತ್ತುಕೊಂಡು ಹಾರಿ, ಹೀಥ್ರೂ ವಿಮಾನಗಳಿಗೆ ಅಡಚಣೆ ಮಾಡಿ, ಕೊನೆಗೆ ಕೆಂಟ್ ಸೀಮೆಯ ಒಂದು ಹೊಲದಲ್ಲಿ ಬಿದ್ದಿತ್ತು. ಇಷ್ಟೆಲ್ಲ ಪಾಡುಪಟ್ಟ ಮೇಲೆ, ಬೇರೆ ದಿನ ತೆಗೆದ ಮೋಡಗಳ ಚಿತ್ರದ ಮೇಲೆ ಹಂದಿಯನ್ನು ಅಂಟಿಸಿಯೇ ಹೊದಿಕೆ ಸಿದ್ಧವಾಯಿತು. ನನ್ನ ರೈಲು ಕೂಡ ಕೆಂಟ್ ಕಡೆಗೇ ಹೊರಟಿತ್ತು, ಹಂದಿಗಿಂತ ಹೆಚ್ಚು ಶಿಸ್ತಿನಿಂದ.

ಕ್ಯಾಂಟರ್‌ಬರಿಯಲ್ಲಿ ಯಾತ್ರಿಕರೆಲ್ಲರೂ ಕೆಥೆಡ್ರಲ್‌ನತ್ತ ನಡೆದರೆ, ನಾನು ಸಾಫ್ಟ್ ಮಷೀನ್ ಮತ್ತು ಕ್ಯಾರವಾನ್ ತಂಡಗಳು ಹುಟ್ಟಿದ ಊರನ್ನು ಹುಡುಕುತ್ತಿದ್ದೆ. ಸಾಫ್ಟ್ ಮಷೀನ್‌ನ ರಾಬರ್ಟ್ ವಯಟ್, ಹ್ಯೂ ಹಾಪರ್, ಮೈಕ್ ರಾಟ್ಲೆಜ್ ಓದಿದ್ದು ಇಲ್ಲಿನ ಸೈಮನ್ ಲ್ಯಾಂಗ್ಟನ್ ಶಾಲೆಯಲ್ಲಿ. 1960ರ ದಶಕದ ನಡುವೆ ಇಲ್ಲಿದ್ದ ವೈಲ್ಡ್ ಫ್ಲವರ್ಸ್ ಎಂಬ ತಂಡದಿಂದಲೇ ಆ ಎರಡೂ ತಂಡಗಳು ಕವಲೊಡೆದವು. ನೋಡಲಿಕ್ಕೆ ಇಷ್ಟೇ ಇದೆ, ಅಂದರೆ ಬಹುಮಟ್ಟಿಗೆ ಏನೂ ಇಲ್ಲ. ಈ ಊರಿನ ತಂಡಗಳ ಸಂಗೀತಕ್ಕೆ ಅಂಟಿದ ‘ಕ್ಯಾಂಟರ್‌ಬರಿ ಶೈಲಿ’ ಎಂಬ ಹೆಸರನ್ನು ಆ ಸಂಗೀತಗಾರರಲ್ಲಿ ಹಲವರು ಒಪ್ಪಿಕೊಂಡವರೂ ಅಲ್ಲ. ಹಾಗಿದ್ದರೂ ಸ್ಟೌರ್ ಹೊಳೆಯ ದಡದಲ್ಲಿ ಕುಳಿತು ಕ್ಯಾರವಾನ್‌ನ 1971ರ ‘ಇನ್ ದ ಲ್ಯಾಂಡ್ ಆಫ್ ಗ್ರೇ ಆ್ಯಂಡ್ ಪಿಂಕ್’ ಆಲ್ಬಮ್ಮಿನ ಎರಡನೆಯ ಬದಿಯನ್ನು, ಅಂದರೆ 22 ನಿಮಿಷಗಳನ್ನೂ ಮೀರುವ ಒಂದೇ ರಚನೆಯನ್ನು, ಪೂರ್ತಿಯಾಗಿ ಕೇಳಿದೆ. ಡೇವಿಡ್ ಸಿಂಕ್ಲೇರ್ ಅವರ ಆರ್ಗನ್ನಿನ ಕರಕರ ನಾದಕ್ಕೂ ಅಲ್ಲಿನ ನಿಧಾನದ ನೀರಿಗೂ ಸಂಬಂಧವಿದೆಯೆಂದು ಹೇಳಿದರೆ ಅದು ನನ್ನ ಕಲ್ಪನೆಯೇ ಆದೀತು. ಆದರೂ ಆ ಸಂಗೀತದಲ್ಲಿ ಎಲ್ಲಿಗೂ ಅವಸರವಿಲ್ಲವೆಂಬುದು ನನಗೆ ಸ್ಪಷ್ಟವಾದದ್ದು ಅಲ್ಲಿಯೇ.

ಕಾರ್ಯಕ್ರಮದ ದಿನ ಹೈಡ್ ಪಾರ್ಕ್ ಮೂಲಕ ನಡೆದು ಹೋದೆ. 1969ರ ಜುಲೈ 5ರಂದು ರೋಲಿಂಗ್ ಸ್ಟೋನ್ಸ್‌ಗೆ ಮುಂಚೆ ಈ ಹುಲ್ಲಿನ ಮೇಲೆ ಕಿಂಗ್ ಕ್ರಿಮ್ಸನ್ ನುಡಿಸಿದಾಗ, ಅವರ ಒಂದು ಆಲ್ಬಮ್ ಕೂಡ ಇನ್ನೂ ಹೊರಬಂದಿರಲಿಲ್ಲ. ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಬಂದದ್ದು ಅದೇ ಅಕ್ಟೋಬರ್‌ನಲ್ಲಿ. ಅದರ ವಿಷಣ್ಣ ಹಿನ್ನೆಲೆಗೆ ಕಾರಣ ಮೆಲೊಟ್ರಾನ್ ಎಂಬ ವಾದ್ಯ: ಹಾರ್ಮೋನಿಯಮ್ಮಿನಂಥ ಅದರ ಪ್ರತಿಯೊಂದು ಮನೆಯ ಕೆಳಗೂ ಪಿಟೀಲು ಅಥವಾ ಕೊಳಲಿನ ಒಂದೊಂದು ಸ್ವರವನ್ನು ಧ್ವನಿಮುದ್ರಿಸಿದ ಟೇಪಿನ ತುಂಡಿರುತ್ತದೆ, ಒತ್ತಿ ಹಿಡಿದರೆ ಸುಮಾರು 8 ಸೆಕೆಂಡುಗಳಲ್ಲಿ ಆ ಟೇಪು ಮುಗಿದುಹೋಗುತ್ತದೆ. ಅಂಥ ಅಲ್ಪಾಯುಷಿ ಸ್ವರಗಳಿಂದ ಅಷ್ಟು ವಿಸ್ತಾರದ ಸಂಗೀತವನ್ನು ಕಟ್ಟಿದರಲ್ಲ ಎಂದು ನನಗೆ ಈಗಲೂ ಬೆರಗು.

1871ರಲ್ಲಿ ತೆರೆದ ಆಲ್ಬರ್ಟ್ ಹಾಲ್ ಪ್ರತಿಧ್ವನಿಗೆ ಕುಖ್ಯಾತವಾಗಿತ್ತು. ಅದನ್ನು ತಗ್ಗಿಸಲು ಗುಮ್ಮಟದಡಿ ಅಣಬೆಯಾಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದ್ದು ಕೂಡ 1969ರಲ್ಲಿಯೇ. ಆ ಅಣಬೆಗಳಿಗೆ ಹೆಚ್ಚು ದೂರವಿಲ್ಲದ ಮೇಲಂತಸ್ತಿನಲ್ಲಿ ನನ್ನ ಸೀಟಿತ್ತು. ಇದೇ ಸಭಾಂಗಣದಲ್ಲಿ 2013ರ ಅಕ್ಟೋಬರ್‌ನಲ್ಲಿ ಜೆನೆಸಿಸ್ ತಂಡದ ಮಾಜಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಅವರು ಆ ತಂಡದ ಹಳೆಯ ರಚನೆಗಳನ್ನು ನುಡಿಸಿದ್ದನ್ನು ನಾನು ಕೇಳಿದ್ದೆ. 1972ರ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿನ ‘ಸಪ್ಪರ್ಸ್ ರೆಡಿ’ ಅಂದು ಆಲ್ಬಮ್ಮಿನಲ್ಲಿದ್ದ ರೂಪದಲ್ಲಿಯೇ ಬಂದಿತು, ಸಭೆ ಪ್ರತಿ ಸಾಲನ್ನೂ ಹಾಡಿತು, ನನ್ನ ಕಣ್ಣೂ ತುಂಬಿತು. ಆದರೆ ನಿಜ ಹೇಳಬೇಕೆಂದರೆ, ಗೊತ್ತಿದ್ದದ್ದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡ ಸಂತೋಷವಷ್ಟೇ ಅದು.

ಕ್ರಿಮ್ಸನ್ ವೇದಿಕೆಯ ಜೋಡಣೆಯೇ ಬೇರೆ. ಮೂವರು ಡ್ರಮ್ಮರ್‌ಗಳು ಮುಂದೆ, ಉಳಿದ ನಾಲ್ವರು ಹಿಂದಿನ ಎತ್ತರದ ಜಗಲಿಯಲ್ಲಿ. ಎಲ್ಲರೂ ಕಚೇರಿಗೆ ಹೊರಟ ಗಣ್ಯರಂತೆ ಕೋಟು ತೊಟ್ಟಿದ್ದರು. ರಾಬರ್ಟ್ ಫ್ರಿಪ್ ಎಂದಿನಂತೆ ಕುಳಿತೇ ಗಿಟಾರ್ ನುಡಿಸಿದರು. ಮೇಲಿನಿಂದ ನೋಡುವಾಗ, ಪ್ಯಾಟ್ ಮ್ಯಾಸ್ಟೆಲೊಟ್ಟೊ ಬಿಟ್ಟ ಜಾಗವನ್ನು ಜೆರೆಮಿ ಸ್ಟೇಸಿ ತುಂಬುವುದು, ಗ್ಯಾವಿನ್ ಹ್ಯಾರಿಸನ್ ಅದರ ಅಡ್ಡಕ್ಕೆ ಇನ್ನೊಂದು ಲಯವನ್ನು ಹೆಣೆಯುವುದು ಕೈಕೈಯಾಗಿ ತಿಳಿಯುತ್ತಿತ್ತು; ಛಾವಣಿ ಪಕ್ಕದ ಸೀಟಿನ ಮೇಲಿದ್ದ ನನ್ನ ಅಸಮಾಧಾನ ಮೊದಲ ಹತ್ತು ನಿಮಿಷಗಳಲ್ಲಿಯೇ ಕರಗಿತು. ಛಾಯಾಚಿತ್ರ ತೆಗೆಯಬಾರದೆಂಬ ಸೂಚನೆಯನ್ನು ಸಭೆ ಪಾಲಿಸಿತು. ಸಾವಿರಾರು ಜನರ ನಡುವೆ ಒಂದೂ ಮೊಬೈಲ್ ಬೆಳಕಿಲ್ಲದ ಕತ್ತಲೆಯನ್ನು ನಾನು ಬೇರೆ ಯಾವ ಕಾರ್ಯಕ್ರಮದಲ್ಲಿಯೂ ಕಂಡಿಲ್ಲ.

ಕೊನೆಗೂ ‘ಸ್ಟಾರ್‌ಲೆಸ್’ ಬಂದಿತು. ತಂಡದ ಅಂದಿನ ಗಾಯಕ ಜಾನ್ ವೆಟನ್ ತಂದ ಈ ಹಾಡನ್ನು ಫ್ರಿಪ್ ಮತ್ತು ಡ್ರಮ್ಮರ್ ಬಿಲ್ ಬ್ರೂಫರ್ಡ್ ಮೊದಲು ಒಪ್ಪಿರಲಿಲ್ಲ. ವೆಟನ್ 2017ರಲ್ಲಿ ತೀರಿಕೊಂಡಿದ್ದರು. ಆ ಸಂಜೆ ಅದನ್ನು ಹಾಡಿದವರು ತಂಡದ ಆಗಿನ ಗಾಯಕ ಜಾಕೊ ಜಾಕ್ಸಿಕ್. ಸಾಹಿತ್ಯದ ಭಾಗ ಮುಗಿದ ಮೇಲೆ ಟೋನಿ ಲೆವಿನ್ ಅವರ ಬಾಸ್ ಹದಿಮೂರು ಎಣಿಕೆಯ ಆವರ್ತವನ್ನು ಹಿಡಿಯಿತು. ಮಿಶ್ರಚಾಪು ತಿಳಿದ ಕಿವಿಗೆ ಪಿಂಕ್ ಫ್ಲಾಯ್ಡ್‌ನ ‘ಮನಿ’ಯ ಏಳು ಎಣಿಕೆ ವಿಚಿತ್ರವೆನಿಸುವುದಿಲ್ಲ, ಆದರೆ ಈ ಹದಿಮೂರು ಮಾತ್ರ ಪ್ರತಿ ಸುತ್ತಿನಲ್ಲಿಯೂ ಕಾಲೆಳೆಯುತ್ತದೆ. ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತ, ಇಷ್ಟಿಷ್ಟೇ ಮೇಲೇರತೊಡಗಿದರು. ಸಂಜೆಯುದ್ದಕ್ಕೂ ಬಿಳಿಯಾಗಿಯೇ ಇದ್ದ ಬೆಳಕು ಆಗ, ಯಾವ ಕ್ಷಣದಲ್ಲೆಂದು ಹೇಳಲಾಗದಷ್ಟು ನಿಧಾನವಾಗಿ, ಕೆಂಪಾಯಿತು. ಮೆಲ್ ಕಾಲಿನ್ಸ್ ಸ್ಯಾಕ್ಸೊಫೋನ್ ಎತ್ತಿದರು. 1974ರ ಧ್ವನಿಮುದ್ರಣದಲ್ಲಿ ಸೊಪ್ರಾನೊ ಸ್ಯಾಕ್ಸೊಫೋನ್ ನುಡಿಸಿದ್ದವರು ಅವರೇ. ಆದರೆ ಆ ನೆನಪನ್ನು ಅವರು ಸಭೆಗೆ ಒಪ್ಪಿಸಲಿಲ್ಲ, ಅಂದಿನ ಸಂಜೆಗೆ ಬೇಕಾದದ್ದನ್ನು ನುಡಿಸಿದರು. ಕಾರ್ಯಕ್ರಮದ ಕೊನೆಗೆ ಲೆವಿನ್ ಕ್ಯಾಮೆರಾ ಎತ್ತಿದಾಗ, ಅದೇ ಅನುಮತಿಯೆಂದು ತಿಳಿದ ಸಭೆಯೂ ಫೋನುಗಳನ್ನು ಎತ್ತಿತು, ನನಗೆ ಎತ್ತಬೇಕೆನಿಸಲಿಲ್ಲ.

ಮರುದಿನ ಥೇಮ್ಸ್‌ನ ಆಚೆ ದಡದಲ್ಲಿರುವ ಬಾರ್ನ್ಸ್‌ಗೆ ಹೋದೆ. ಬಿರುಕು ಕಂಡಿದ್ದರಿಂದ ಹ್ಯಾಮರ್‌ಸ್ಮಿತ್ ಸೇತುವೆಯನ್ನು ಏಪ್ರಿಲ್‌ನಲ್ಲಿ ವಾಹನಗಳಿಗೆ ಮುಚ್ಚಿದ್ದರು, ನಡೆದೇ ದಾಟಬೇಕಾಯಿತು. ‘ರೆಡ್’ ಧ್ವನಿಮುದ್ರಣವಾದ ಒಲಿಂಪಿಕ್ ಸ್ಟುಡಿಯೋಸ್ ಈಗ ಚಿತ್ರಮಂದಿರ. ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ಹೆಡ್‌ಫೋನ್ ಹಾಕಿಕೊಂಡು ‘ಸ್ಟಾರ್‌ಲೆಸ್’ ಕೇಳಿದೆ. ಮೂರು ಡ್ರಮ್ಸ್‌ಗೆ ಒಗ್ಗಿದ ಕಿವಿಗೆ ಬ್ರೂಫರ್ಡ್ ಒಬ್ಬರೇ ನುಡಿಸುವುದು ಮೊದಲ ಬಾರಿಗೆ ಒಂಟಿತನದಂತೆ ಕೇಳಿಸಿತು; ಹತ್ತಾರು ವರ್ಷಗಳಿಂದ ಬಾಯಿಪಾಠವಾಗಿದ್ದ ಹಾಡಿನಲ್ಲಿ ಅಷ್ಟು ಖಾಲಿ ಜಾಗವಿದೆಯೆಂದು ನನಗೆ ತಿಳಿದಿರಲಿಲ್ಲ. ಸೇತುವೆಯ ಕಡೆಗೆ ಹಿಂದಿರುಗುವಾಗ ಆ ಬಾಸ್ ಆವರ್ತಕ್ಕೆ ಸರಿಯಾಗಿ ಹೆಜ್ಜೆ ಹಾಕಲು ನೋಡಿದೆ. ಕಾಲು ಎರಡು, ಎಣಿಕೆ ಹದಿಮೂರು. ಒಂದು ಸುತ್ತು ಬಲಗಾಲಿನಿಂದ ಆರಂಭವಾದರೆ ಮುಂದಿನದು ಎಡಗಾಲಿನಿಂದ ಆರಂಭವಾಗುತ್ತಿತ್ತು.